ದನದ ಕೊಬ್ಬು, ವಿಟಮಿನ್ ಇಂಜೆಕ್ಷನ್ ಮತ್ತು ಜಪಾನಿನ ಬೈಹುಲ್ಲು

ಸೊಸೈಟಿಗೆ ಹಾಲು ಕೊಟ್ಟು ಬರುವಾಗ ಪಕ್ಕದ ಮನೆಯ ಮಾವ ದಾರಿಗೆ ಅಡ್ಡ ನಿಂತು ಮೊಬೈಲ್ ಮುಂದೆ ಹಿಡಿದರು. "ಇದೊಂದು ನೋಡು ಮಾರಾಯ. ವಿಟಮಿನ್ ಇಂಜೆಕ್ಷನ್ ಹಾಕಿದರೆ ಎರಡೇ ತಿಂಗಳಲ್ಲಿ ದನ ಗುಂಡಗೆ ಆಗ್ತದಂತೆ. ನಮ್ಮ ಗೌರಿಗೂ ಒಂದು ಹಾಕಿಸುವಾ?"

ಗೌರಿ ಜರ್ಸಿ ಮಿಶ್ರತಳಿ. ಕರು ಹಾಕಿ 40 ದಿನ. ಹಾಲಿಗೆ ತೊಂದರೆ ಇಲ್ಲ, ಆದರೆ ಪಕ್ಕೆಲುಬು ಎಣಿಸಬಹುದು. ಆ ಸಂದೇಶದ ಕೆಳಗೇ ಇನ್ನೊಂದು ಇತ್ತು: ವಿಟಮಿನ್ ಎ ಕೊಬ್ಬು ಬೆಳೆಯದಂತೆ ತಡೆಯುತ್ತದೆ, ಅದಕ್ಕೇ ಜಪಾನಿನವರು ದನಕ್ಕೆ ಅದನ್ನು ಕಡಿಮೆ ಮಾಡುತ್ತಾರೆ ಅಂತ. ಒಂದೇ ಗ್ರೂಪಿನಲ್ಲಿ ಎರಡು ತದ್ವಿರುದ್ಧ ಮಾತು. ತಮಾಷೆ ಎಂದರೆ ಎರಡರಲ್ಲೂ ಅಷ್ಟಿಷ್ಟು ನಿಜ ಇದೆ. ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಕೊಬ್ಬು ಹುಟ್ಟುವುದು ಹೇಗೆ ಅಂತ ನೋಡಬೇಕು.

ಭರಣಿ ಎಷ್ಟು, ತುಂಬಿದ್ದು ಎಷ್ಟು

ಕೊಬ್ಬು ದನದ ಮೈಯಲ್ಲಿ ಸುಮ್ನೆ ಎಣ್ಣೆಯ ಹಾಗೆ ಹರಡಿಕೊಂಡಿರುವುದಿಲ್ಲ. ಅದಕ್ಕೆಂದೇ ಇರುವ ಜೀವಕೋಶಗಳ ಒಳಗೆ ತುಂಬಿಕೊಂಡಿರುತ್ತದೆ. ಇವೇ ಕೊಬ್ಬುಕೋಶಗಳು. ಚೆನ್ನಾಗಿ ತುಂಬಿದ ಒಂದು ಕೊಬ್ಬುಕೋಶ ಸುಮಾರು 0.1 ಮಿಲಿಮೀಟರ್ ಅಗಲ ಇರುತ್ತದೆ, ಹೆಚ್ಚುಕಡಿಮೆ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ. ಒಳಗೆ ಒಂದೇ ಒಂದು ದೊಡ್ಡ ಕೊಬ್ಬಿನ ಹನಿ. ಜೀವಕೋಶದ ಉಳಿದ ಸಾಮಾನೆಲ್ಲ ಗೋಡೆಯ ಬದಿಗೆ ಒತ್ತಿಕೊಂಡು ಕೂತಿರುತ್ತದೆ.

ಇದನ್ನು ಉಪ್ಪಿನಕಾಯಿ ಭರಣಿ ಅಂದುಕೊಳ್ಳಿ. ಮನೆಯಲ್ಲಿ ಉಪ್ಪಿನಕಾಯಿ ಜಾಸ್ತಿ ಆಗಬೇಕಾದರೆ ದಾರಿ ಎರಡೇ. ಇದ್ದ ಭರಣಿಯನ್ನು ಕಂಠದವರೆಗೆ ತುಂಬಬೇಕು, ಇಲ್ಲವೇ ಹೊಸ ಭರಣಿ ತರಬೇಕು. ದನದ ಮೈಯಲ್ಲೂ ಹೀಗೇ. ಕೋಶಗಳ ಸಂಖ್ಯೆ ಹೆಚ್ಚುವುದು ಒಂದು, ಇದ್ದ ಕೋಶ ಉಬ್ಬುವುದು ಇನ್ನೊಂದು. ಎಳೆಯ ಪ್ರಾಯದಲ್ಲಿ ಮೊದಲನೆಯದು ಜೋರಾಗಿ ನಡೆಯುತ್ತದೆ, ಪ್ರಾಯ ಬಂದ ಮೇಲೆ ಎರಡನೆಯದು. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಕಥೆ ಅರ್ಥವಾದ ಹಾಗೆ.

ಭರಣಿ ಇಡುವ ಜಾಗವೂ ಒಂದಲ್ಲ. ಮೂತ್ರಪಿಂಡ ಮತ್ತು ಕರುಳಿನ ಸುತ್ತ, ಮಾಂಸಖಂಡಗಳ ನಡುವೆ, ಚರ್ಮದ ಅಡಿಯಲ್ಲಿ, ಕೊನೆಗೆ ಮಾಂಸಖಂಡದ ಒಳಗೇ ಎಳೆ ಎಳೆಯಾಗಿ. ಹೊಟ್ಟೆಯೊಳಗಿನ ಕೊಬ್ಬು ಮೊದಲು ಬೆಳೆಯುತ್ತದೆ, ಮಾಂಸದ ಒಳಗಿನದು ಎಲ್ಲದಕ್ಕಿಂತ ಕೊನೆಗೆ. ಮಾಂಸಕ್ಕಾಗಿ ದನ ಸಾಕುವ ದೇಶಗಳಲ್ಲಿ ದುಡ್ಡು ಇರುವುದು ಈ ಕೊನೆಯದರಲ್ಲಿ. ಕೆಂಪು ಮಾಂಸದ ನಡುವೆ ಅಮೃತಶಿಲೆಯ ಗೆರೆಯ ಹಾಗೆ ಬಿಳಿ ಕೊಬ್ಬು ಕಂಡರೆ ಬೆಲೆ ಏರುತ್ತದೆ. ಜಪಾನಿನಲ್ಲಿ ಇದಕ್ಕೆ 1ರಿಂದ 12ರವರೆಗೆ ಅಂಕ ಕೊಡುವ ಪದ್ಧತಿಯೇ ಇದೆ. ಚರ್ಮದಡಿಯ ಕೊಬ್ಬಾದರೋ ಕತ್ತರಿಸಿ ಬಿಸಾಡುವ ನಷ್ಟ. ಒಂದು ಕಡೆ ಹೆಚ್ಚಿಸಬೇಕು, ಇನ್ನೊಂದು ಕಡೆ ಕಡಿಮೆ ಮಾಡಬೇಕು. ದನದ ಕೊಬ್ಬಿನ ಮೇಲೆ ಇಷ್ಟೊಂದು ಸಂಶೋಧನೆ ನಡೆಯುವುದು ಈ ಪೇಚಾಟಕ್ಕಾಗಿ.

ಹಸಿಮಣ್ಣು ಹೆಂಚಾಗುವ ಹೊತ್ತು

ಹೊಸ ಭರಣಿ ಎಲ್ಲಿಂದ ಬರುತ್ತದೆ? ತುಂಬಿದ ಕೊಬ್ಬುಕೋಶ ಒಡೆದು ಎರಡಾಗುವುದಿಲ್ಲ. ಮೈಯಲ್ಲಿ ಇನ್ನೂ ಏನೂ ಆಗದೆ ಉಳಿದಿರುವ ಕೋಶಗಳಿರುತ್ತವೆ, ಇವಕ್ಕೆ ಆಕರಕೋಶ ಎನ್ನುತ್ತಾರೆ. ಹದ ಮಾಡಿಟ್ಟ ಹಸಿಮಣ್ಣಿನ ಹಾಗೆ. ಅದೇ ಮಣ್ಣಿನಿಂದ ಮಡಕೆಯೂ ಆಗಬಹುದು, ಹೆಂಚೂ ಆಗಬಹುದು. ಹಾಗೆಯೇ ಈ ಕೋಶ ಮಾಂಸವೂ ಆಗಬಹುದು, ಮೂಳೆಯೂ ಆಗಬಹುದು, ಕೊಬ್ಬೂ ಆಗಬಹುದು. ಒಮ್ಮೆ ಕೊಬ್ಬಿನ ದಾರಿ ಹಿಡಿದರೆ ಅದು ಎಳೆ ಕೊಬ್ಬುಕೋಶ. ಆಗಲೂ ಒಳಗೆ ಕೊಬ್ಬಿರುವುದಿಲ್ಲ, ನೋಡಲು ಉದ್ದುದ್ದ ಇರುತ್ತದೆ. ಆಮೇಲೆ ದುಂಡಗಾಗಿ ತುಂಬಿಕೊಳ್ಳಲು ಶುರು ಮಾಡುತ್ತದೆ. ಆವೆಯಲ್ಲಿ ಸುಟ್ಟಾಯಿತು, ಸಾಮಾನ್ಯವಾಗಿ ಹಿಂದಕ್ಕೆ ಹೋಗುವುದಿಲ್ಲ.

ಈ ಬದಲಾವಣೆಗೆ ಕೋಶದೊಳಗೆ ಒಂದು ಮೈನ್ ಸ್ವಿಚ್ ಇದೆ. ಹೆಸರು ಪಿಪಿಎಆರ್ ಗ್ಯಾಮಾ. ಇದೊಂದು ಪ್ರೋಟೀನು. ಇದು ಆನ್ ಆದರೆ ಕೊಬ್ಬು ತಯಾರಿಸುವ, ತುಂಬಿಡುವ ಜೀನ್‌ಗಳೆಲ್ಲ ಒಂದೊಂದಾಗಿ ಕೆಲಸಕ್ಕೆ ಇಳಿಯುತ್ತವೆ. ಕೊಬ್ಬುಕೋಶ ಹುಟ್ಟಿಸುವುದು ಇದೇ ಸ್ವಿಚ್ಚು ಎಂದು ಸ್ಪಷ್ಟವಾಗಿ ಗೊತ್ತಾದದ್ದು 1994ರಲ್ಲಿ, ಇಲಿಯ ಕೋಶಗಳಲ್ಲಿ. ದನ, ಮನುಷ್ಯ, ಇಲಿ ಎಲ್ಲರಲ್ಲೂ ಇದೇ ವ್ಯವಸ್ಥೆ. ಮುಂದೆ ಹೇಳುವ ವಿಟಮಿನ್ನು, ಔಷಧ ಬಹುಪಾಲು ಈ ಸ್ವಿಚ್ಚಿಗೆ ಬೆರಳು ಹಾಕುವವೇ. ಕೆಲವು ನೇರವಾಗಿ, ಕೆಲವು ಹಿಂಬಾಗಿಲಿನಿಂದ.

ತಟ್ಟೆಯಲ್ಲಿ ಕೊಬ್ಬು ಬೆಳೆಸುವುದು

ಇದೆಲ್ಲ ಗೊತ್ತಾಗುವುದು ಹೇಗೆ? ಕಸಾಯಿಖಾನೆಯಿಂದ ಒಂದು ಚೂರು ಕೊಬ್ಬು ತರುತ್ತಾರೆ. ಕೋಶಗಳನ್ನು ಹಿಡಿದಿಟ್ಟ ಅಂಟನ್ನು ಕಿಣ್ವ ಹಾಕಿ ಕರಗಿಸಿ, ಸೋಸಿ, ಯಂತ್ರದಲ್ಲಿ ಗರಗರ ತಿರುಗಿಸುತ್ತಾರೆ. ಕೊಬ್ಬು ತುಂಬಿದ ಕೋಶ ಮೊಸರು ಕಡೆದಾಗ ಬೆಣ್ಣೆ ಬಂದ ಹಾಗೆ ಮೇಲೆ ತೇಲುತ್ತದೆ. ಎಳೆಯ ಕೋಶಗಳು ತಳಕ್ಕೆ ಇಳಿಯುತ್ತವೆ. ತಳದ್ದನ್ನು ತೆಗೆದು ಪ್ಲಾಸ್ಟಿಕ್ ತಟ್ಟೆಯಲ್ಲಿ ಪೋಷಕ ದ್ರವ ಹಾಕಿ ಬೆಳೆಸುತ್ತಾರೆ.

ತಟ್ಟೆ ತುಂಬಿದ ಮೇಲೆ ಒಂದು 'ಕಷಾಯ' ಹಾಕಬೇಕು. ಅದರಲ್ಲಿ ಸಾಮಾನ್ಯವಾಗಿ ಇರುವುದು ಇನ್ಸುಲಿನ್, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡು, ಕೋಶದೊಳಗಿನ ಸಂದೇಶವನ್ನು ಜೋರು ಮಾಡುವ ಇನ್ನೊಂದು ರಾಸಾಯನಿಕ. ದನದ ಕೋಶ ಸ್ವಲ್ಪ ಹಠಮಾರಿ. ಅದಕ್ಕೆ ಹೆಚ್ಚಾಗಿ ಮೈನ್ ಸ್ವಿಚ್ಚನ್ನೇ ಒತ್ತುವ ಇನ್ನೊಂದು ಔಷಧವನ್ನೂ ಸೇರಿಸುತ್ತಾರೆ. ಒಂದೆರಡು ವಾರದಲ್ಲಿ ಕೋಶಗಳೊಳಗೆ ಪುಟ್ಟ ಪುಟ್ಟ ಹನಿ ಕಾಣಿಸುತ್ತದೆ. ಆಯಿಲ್ ರೆಡ್ ಎಂಬ ಬಣ್ಣ ಹಾಕಿದರೆ ಹನಿಗಳೆಲ್ಲ ಕುಂಕುಮದ ಚುಕ್ಕಿಯ ಹಾಗೆ ಕೆಂಪಾಗುತ್ತವೆ. ಒಂದು ತಟ್ಟೆಗೆ ವಿಟಮಿನ್ ಹಾಕಿ, ಇನ್ನೊಂದಕ್ಕೆ ಹಾಕದೆ, ಯಾವುದರಲ್ಲಿ ಕೆಂಪು ಜಾಸ್ತಿ ಅಂತ ನೋಡಿದರಾಯಿತು.

ಒಂದು ಮಾತು ಮಾತ್ರ ಗಮನಿಸಬೇಕು. ತಟ್ಟೆಗೆ ಹೊಟ್ಟೆ ಇಲ್ಲ, ಯಕೃತ್ತು ಇಲ್ಲ, ಕರು ಇಲ್ಲ, ಹಾಲು ಕರೆಯುವವರೂ ಇಲ್ಲ. ತಟ್ಟೆಯಲ್ಲಿ ಕಂಡದ್ದು ಹಟ್ಟಿಯಲ್ಲೂ ಹಾಗೇ ಆಗಬೇಕೆಂದಿಲ್ಲ. ಮಾವನ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ.

ವಿಟಮಿನ್ ಎ: ತುಪ್ಪದ ಹಳದಿಯಿಂದ ಶುರು

ಕೊಬ್ಬಿನ ವಿಷಯದಲ್ಲಿ ಅತಿ ಹೆಚ್ಚು ಪರೀಕ್ಷೆ ಆದ ವಿಟಮಿನ್ ಇದು. ಇದನ್ನು ನೋಡಲು ಲ್ಯಾಬಿಗೆ ಹೋಗಬೇಕಿಲ್ಲ, ಅಡುಗೆಮನೆಯ ತುಪ್ಪದ ಬಾಟ್ಲಿ ಸಾಕು. ಹಸಿ ಹುಲ್ಲಿನಲ್ಲಿ ಕ್ಯಾರೋಟಿನ್ ಎಂಬ ಹಳದಿ ಬಣ್ಣದ ವಸ್ತು ಇದೆ. ದನದ ಮೈ ಅದನ್ನು ವಿಟಮಿನ್ ಎ ಆಗಿ ಬದಲಾಯಿಸುತ್ತದೆ. ಆದರೆ ದನ ಇದರಲ್ಲಿ ಸ್ವಲ್ಪ ಉದಾಸೀನ, ಒಂದಷ್ಟು ಕ್ಯಾರೋಟಿನ್ ಹಾಗೇ ಉಳಿದು ಹಾಲಿಗೂ ಕೊಬ್ಬಿಗೂ ಸೇರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಹುಲ್ಲು ಮೇದ ದನದ ತುಪ್ಪ ಹಳದಿ. ಎಮ್ಮೆ ಹೆಚ್ಚುಕಡಿಮೆ ಎಲ್ಲವನ್ನೂ ಬದಲಾಯಿಸಿಬಿಡುತ್ತದೆ, ಅದರ ತುಪ್ಪ ಬಿಳಿ. ಬಿಳಿ ಎಂದ ಮಾತ್ರಕ್ಕೆ ಅದರಲ್ಲಿ ವಿಟಮಿನ್ ಇಲ್ಲ ಅಂತ ಅಲ್ಲ.

ಈಗ ಬೈಹುಲ್ಲಿಗೆ ಬನ್ನಿ. ಹುಲ್ಲು ಬಿಸಿಲಿಗೆ ಒಣಗಿದಾಗ ಕ್ಯಾರೋಟಿನ್ ಬಹುಪಾಲು ಹಾಳಾಗುತ್ತದೆ. ಗದ್ದೆ ಕಡಿಮೆಯಾಗಿ ಅಡಿಕೆ ತೋಟವೇ ತುಂಬಿರುವ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಬೈಹುಲ್ಲು ಹೊರಗಿನಿಂದ ಲಾರಿಯಲ್ಲಿ ಬರುವುದೇ ಜಾಸ್ತಿ. ಬೇರೆ ದಾರಿ ಇಲ್ಲದೆ ಬೇಸಿಗೆಯಲ್ಲಿ ನಾವು ಹಾಕುವ ಇದೇ ಭತ್ತದ ಹುಲ್ಲನ್ನು ಜಪಾನಿನ ರೈತರು ಲೆಕ್ಕ ಹಾಕಿ, ಬೇಕೆಂದೇ ಹಾಕುತ್ತಾರೆ!

ಅವರ ವಾಗ್ಯು ತಳಿಯ ಮಾಂಸದ ದನಗಳನ್ನು ಸುಮಾರು ಎರಡೂವರೆ ವರ್ಷದವರೆಗೆ ಕೊಬ್ಬಿಸುತ್ತಾರೆ. ಅದರಲ್ಲಿ ಸುಮಾರು 15 ತಿಂಗಳಿಂದ 22-24 ತಿಂಗಳ ನಡುವೆ ಹಸಿ ಮೇವು ನಿಲ್ಲಿಸಿ ಬೈಹುಲ್ಲು ಮತ್ತು ಕಾಳು ಕೊಡುತ್ತಾರೆ. ಯಕೃತ್ತಿನಲ್ಲಿ ಕೂಡಿಟ್ಟ ವಿಟಮಿನ್ ಎ ನಿಧಾನವಾಗಿ ಕರಗುತ್ತದೆ. ಆಗ ಮಾಂಸದೊಳಗಿನ ಎಳೆಯ ಕೋಶಗಳಿಗೆ ಕೊಬ್ಬು ತುಂಬಿಕೊಳ್ಳಲು ಇದ್ದ ತಡೆ ಸಡಿಲವಾಗುತ್ತದೆ. ಕಾರಣ ಇಷ್ಟು: ಮೈಯಲ್ಲಿ ವಿಟಮಿನ್ ಎ ರೆಟಿನೋಯಿಕ್ ಆಮ್ಲ ಎಂಬ ರೂಪ ತಾಳುತ್ತದೆ. ಅದು ಮೈನ್ ಸ್ವಿಚ್ಚಿಗೆ ಕರೆಂಟು ತರುವ ತಂತಿಯನ್ನೇ ಮಧ್ಯದಲ್ಲಿ ತಡೆಯುತ್ತದೆ. ಅದು ಕಡಿಮೆಯಾದರೆ ಕರೆಂಟು ಸರಾಗ.

ಪುಕ್ಕಟೆಯ ಲಾಭವೇನಲ್ಲ ಇದು. ವಿಟಮಿನ್ ತೀರಾ ಇಳಿದರೆ ದನಕ್ಕೆ ರಾತ್ರಿ ಕಣ್ಣು ಕಾಣುವುದಿಲ್ಲ, ಆಮೇಲೆ ಪೂರ್ತಿ ಕುರುಡಾಗಬಹುದು. ಮೇವು ಬಿಡುತ್ತದೆ, ಕಾಲು ಊದುತ್ತದೆ, ಮಾಂಸದಲ್ಲಿ ನೀರು ತುಂಬುತ್ತದೆ. ಅದಕ್ಕೆ ಅಲ್ಲಿಯವರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾ ಕತ್ತಿಯ ಅಂಚಿನ ಮೇಲೆ ನಡೆದ ಹಾಗೆ ನಡೆಯುತ್ತಾರೆ. ನಮ್ಮ ಹಟ್ಟಿಯಲ್ಲಿ ಹಾಲಿಗಾಗಿ ಸಾಕಿದ ದನಕ್ಕೆ ಇದನ್ನು ಮಾಡಿದರೆ ನಷ್ಟವೇ ಸರಿ. ಗಬ್ಬದ ದನಕ್ಕೆ ವಿಟಮಿನ್ ಎ ಸಾಲದೆ ಹೋದರೆ ಗರ್ಭ ಹೋಗಬಹುದು, ಕಸ (ಮಾಸು) ಬೀಳುವುದು ತಡವಾಗಬಹುದು, ಕರು ಬಲ ಇಲ್ಲದೆ ಅಥವಾ ಕುರುಡಾಗಿ ಹುಟ್ಟಬಹುದು.

ಇನ್ನು ಕಥೆಯ ಮತ್ತೊಂದು ಬದಿ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಂಗಸ್ ತಳಿಯ ಕರುಗಳಿಗೆ ಹುಟ್ಟಿದಾಗ ಒಮ್ಮೆ, ತಿಂಗಳಾದಾಗ ಒಮ್ಮೆ ವಿಟಮಿನ್ ಎ ಚುಚ್ಚಿ ನೋಡಿದರು. ಒಂದು ಗುಂಪಿಗೆ 1.5 ಲಕ್ಷ ಯೂನಿಟ್, ಇನ್ನೊಂದಕ್ಕೆ 3 ಲಕ್ಷ. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ಕರುಗಳು ಚೆನ್ನಾಗಿ ಬೆಳೆದವು, ದೊಡ್ಡದಾದ ಮೇಲೆ ಮಾಂಸದೊಳಗಿನ ಕೊಬ್ಬೂ ಹೆಚ್ಚಿತು. ಜಪಾನಿನದಕ್ಕೆ ಪೂರ್ತಿ ಉಲ್ಟಾ, ಅಲ್ವಾ?

ಭರಣಿ ನೆನಪಿಸಿಕೊಳ್ಳಿ. ಎಳೆ ಕರುವಿನಲ್ಲಿ ರೆಟಿನೋಯಿಕ್ ಆಮ್ಲ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತದೆ. ಎಳೆ ಕೊಬ್ಬುಕೋಶಗಳು ವಾಸ ಮಾಡುವುದು ಈ ರಕ್ತನಾಳಗಳ ಗೋಡೆಗೆ ಒತ್ತಿಕೊಂಡು. ನಾಳ ಹೆಚ್ಚಿದರೆ ಎಳೆ ಕೋಶಗಳೂ ಹೆಚ್ಚುತ್ತವೆ. ಅಂದರೆ ಭರಣಿ ಜಾಸ್ತಿ. ದನ ಬೆಳೆದ ಮೇಲೆ ಅದೇ ಆಮ್ಲ ಭರಣಿ ತುಂಬದಂತೆ ಮುಚ್ಚಳ ಹಿಡಿಯುತ್ತದೆ. ಎಳವೆಯಲ್ಲಿ ಕೊಟ್ಟು ಭರಣಿ ಹೆಚ್ಚಿಸು, ಕೊನೆಯಲ್ಲಿ ತಗ್ಗಿಸಿ ತುಂಬಲು ಬಿಡು. ಎರಡೂ ಒಂದೇ ವಿಟಮಿನ್ನಿನ ಕೆಲಸ, ಪ್ರಾಯ ಬೇರೆ ಅಷ್ಟೇ. ಮಾವನ ಎರಡು ಸಂದೇಶಗಳ ಜಗಳ ಇಲ್ಲಿಗೆ ಮುಗಿಯಿತು.

ಕರು ಹುಟ್ಟುವಾಗ ಅದರ ಯಕೃತ್ತಿನಲ್ಲಿ ವಿಟಮಿನ್ ಎ ಬಹಳ ಕಡಿಮೆ. ತಾಯಿಯ ಹೊಟ್ಟೆಯಲ್ಲಿರುವಾಗ ಹೆಚ್ಚು ಸಿಗುವುದಿಲ್ಲ. ಅದು ಸಿಗುವುದು ಗಿಣ್ಣು ಹಾಲಿನಿಂದ. ಗಿಣ್ಣು ಅಷ್ಟು ಹಳದಿ ಇರುವುದು ಇದೇ ಕ್ಯಾರೋಟಿನ್‌ನಿಂದ. ನಾವು ಮಾತ್ರ ಕರುವಿಗೆ ಎರಡು ಗುಟುಕು ಬಿಟ್ಟು ಉಳಿದದ್ದನ್ನು ಬೆಲ್ಲ ಹಾಕಿ ಬೇಯಿಸಲು ಕಾಯುತ್ತಿರುತ್ತೇವೆ.

ಉಳಿದ ವಿಟಮಿನ್‌ಗಳು

ವಿಟಮಿನ್ ಸಿ ತಟ್ಟೆಯಲ್ಲಿ ಎಳೆ ಕೋಶ ಕೊಬ್ಬಾಗಲು ಪ್ರೋತ್ಸಾಹ ಕೊಡುತ್ತದೆ. ಕೋಶದ ಸುತ್ತ ಚಪ್ಪರದ ಹಾಗೆ ನಿಲ್ಲುವ ಕೊಲಾಜೆನ್ ಕಟ್ಟಲು ಅದು ಬೇಕು. ನಮ್ಮ ಹಾಗೆ ದನ ಇದಕ್ಕೆ ನೆಲ್ಲಿಕಾಯಿ ತಿನ್ನಬೇಕಿಲ್ಲ, ಅದರ ಯಕೃತ್ತೇ ತಯಾರಿಸಿಕೊಳ್ಳುತ್ತದೆ. ಮೇವಿನಲ್ಲಿ ಬೆರೆಸಿ ಕೊಟ್ಟರೆ ಹೊಟ್ಟೆಯ ಮೊದಲ ಕೋಣೆಯಲ್ಲೇ ಸೂಕ್ಷ್ಮಜೀವಿಗಳು ಮುಗಿಸಿಬಿಡುತ್ತವೆ. ಹಾಗಾಗಿ ಪ್ರಯೋಗ ಮಾಡುವವರು ಕರಗದ ಲೇಪ ಹಚ್ಚಿ ಕೊಡುತ್ತಾರೆ. ಕೆಲವು ಪ್ರಯೋಗಗಳಲ್ಲಿ ಮಾಂಸದೊಳಗಿನ ಕೊಬ್ಬು ಹೆಚ್ಚಿದೆ.

ವಿಟಮಿನ್ ಡಿ ಇದಕ್ಕೆ ವಿರುದ್ಧ. ಅದರ ಚುರುಕು ರೂಪವನ್ನು ಇಲಿಯ ಎಳೆ ಕೋಶಕ್ಕೆ ಹಾಕಿದರೆ ಮೈನ್ ಸ್ವಿಚ್ಚು ಮೇಲೇಳುವುದೇ ಇಲ್ಲ. ಬಿಸಿಲಿಗೆ ಮೈಯೊಡ್ಡುವ ದನ ಇದನ್ನು ಚರ್ಮದಲ್ಲೇ ಮಾಡಿಕೊಳ್ಳುತ್ತದೆ. ಬಿ ಗುಂಪಿನವು ಹೊಟ್ಟೆಯ ಸೂಕ್ಷ್ಮಜೀವಿಗಳಿಂದಲೇ ಸಿಗುತ್ತವೆ. ಅವುಗಳಲ್ಲಿ ನಯಾಸಿನ್ ಒಂದಕ್ಕೆ ಕೊಬ್ಬು ಕರಗಿ ರಕ್ತಕ್ಕೆ ಸುರಿಯುವುದನ್ನು ತಡೆಯುವ ಗುಣ ಇದೆ. ವಿಟಮಿನ್ ಇ ಕೊಬ್ಬು ಹಳಸದಂತೆ ಕಾಯುತ್ತದೆ, ಭರಣಿಯ ಲೆಕ್ಕದಲ್ಲಿ ಅದಕ್ಕೆ ದೊಡ್ಡ ಪಾತ್ರ ಇಲ್ಲ.

ಔಷಧಗಳು: ಕೆಲವು ತುಂಬುತ್ತವೆ, ಕೆಲವು ಖಾಲಿ ಮಾಡುತ್ತವೆ

ಮೊದಲು ಸ್ಟೀರಾಯ್ಡು. ದೀರ್ಘಕಾಲ ಸ್ಟೀರಾಯ್ಡು ಮಾತ್ರೆ ತಿಂದವರ ಮುಖ ಚಂದ್ರನ ಹಾಗೆ ಉಬ್ಬುವುದನ್ನು, ಕತ್ತಿನ ಹಿಂದೆ ಉಬ್ಬು ಬರುವುದನ್ನು ನೋಡಿದ್ದೀರಲ್ಲ? ಅದು ಕೊಬ್ಬೇ. ಎಳೆ ಕೋಶವನ್ನು ಕೊಬ್ಬಿನ ದಾರಿಗೆ ತಳ್ಳುವ ಶಕ್ತಿ ಅದಕ್ಕಿದೆ, ಲ್ಯಾಬಿನ ಕಷಾಯದಲ್ಲಿ ಅದು ಇರುವುದೂ ಅದಕ್ಕೇ. ದನಕ್ಕೆ ಡೆಕ್ಸಾಮೆಥಾಸೋನ್ ಕೊಡುವುದು ಬೇರೆ ಕಾರಣಗಳಿಗೆ: ಬಾವು ಇಳಿಸಲು, ಕರು ಹಾಕಿದ ಮೇಲೆ ಬರುವ ಕೀಟೋಸಿಸ್ ಕಾಯಿಲೆ‌ಗೆ. ಗಬ್ಬದ ಕೊನೆಯಲ್ಲಿರುವ ದನಕ್ಕೆ ಇದು ಬಿದ್ದರೆ ಹೊತ್ತಿಗೆ ಮೊದಲೇ ಕರು ಹಾಕಬಹುದು. ಹಾಲೂ ಇಳಿಯುತ್ತದೆ. 'ದಪ್ಪ ಆಗಲಿ' ಎಂದು ಯಾರೋ ಚುಚ್ಚಿಬಿಡುವ ಔಷಧ ಅಲ್ಲ.

ಎರಡನೆಯದು ಮನುಷ್ಯರ ಸಕ್ಕರೆ ಕಾಯಿಲೆಯ ಒಂದು ಬಗೆಯ ಮಾತ್ರೆಗಳು. ಪಯೋಗ್ಲಿಟಜೋನ್, ರೋಸಿಗ್ಲಿಟಜೋನ್ ಇತ್ಯಾದಿ. ಇವು ಬೀಗಕ್ಕೆ ಕೀಲಿ ಕೂತ ಹಾಗೆ ಪಿಪಿಎಆರ್ ಗ್ಯಾಮಾಕ್ಕೇ ನೇರವಾಗಿ ಕೂರುತ್ತವೆ. ಹೊಸ ಭರಣಿ ಮಾಡಿ ರಕ್ತದಲ್ಲಿ ಅಲೆಯುವ ಕೊಬ್ಬನ್ನು ಅದರಲ್ಲಿ ತುಂಬಿಡುವುದು ಅವುಗಳ ಕೆಲಸದ ಒಂದು ಭಾಗ. ತಿಂದವರ ತೂಕ ಹೆಚ್ಚುವುದೂ ಅದಕ್ಕೇ. ರೋಸಿಗ್ಲಿಟಜೋನನ್ನು ಹೃದಯದ ಅಪಾಯದ ಕಾರಣಕ್ಕೆ ಭಾರತದಲ್ಲಿ 2010ರಲ್ಲೇ ನಿಷೇಧಿಸಲಾಯಿತು. ದನದ ಮಟ್ಟಿಗೆ ಇವು ಪ್ರಯೋಗಾಲಯದ ಸಾಮಾನುಗಳು.

ಮೂರನೆಯ ಗುಂಪು ಉಲ್ಟಾ ಕೆಲಸದ್ದು. ರಾಕ್ಟೋಪಮೈನ್, ಜಿಲ್ಪಟೆರಾಲ್. ನಾಯಿ ಅಟ್ಟಿಸಿಕೊಂಡು ಬಂದಾಗ ನಮ್ಮ ಮೈಯಲ್ಲಿ ಏಳುವ ಅಡ್ರಿನಾಲಿನ್ನಿನ ದಾಯಾದಿಗಳು ಇವು. ಕೊಬ್ಬು ಕೂಡುವುದನ್ನು ತಗ್ಗಿಸಿ ತಿಂದದ್ದನ್ನು ಮಾಂಸದ ಕಡೆ ತಿರುಗಿಸುತ್ತವೆ. ಅಮೆರಿಕದಲ್ಲಿ ದನಕ್ಕೆ ರಾಕ್ಟೋಪಮೈನ್ 2003ರಲ್ಲಿ, ಜಿಲ್ಪಟೆರಾಲ್ 2006ರಲ್ಲಿ ಒಪ್ಪಿಗೆ ಪಡೆದವು. ಯುರೋಪ್ ಒಕ್ಕೂಟ ಮತ್ತು ಚೀನಾ ಬೆಳವಣಿಗೆಗಾಗಿ ಇವನ್ನು ಕೊಡುವುದನ್ನು ನಿಷೇಧಿಸಿವೆ. 2012ರಲ್ಲಿ ಅಂತರರಾಷ್ಟ್ರೀಯ ಆಹಾರ ಗುಣಮಟ್ಟದ ಸಂಸ್ಥೆ ಕೋಡೆಕ್ಸ್‌ನಲ್ಲಿ ಮಾಂಸದಲ್ಲಿ ರಾಕ್ಟೋಪಮೈನ್ ಎಷ್ಟು ಉಳಿಯಬಹುದು ಎಂಬ ಮಿತಿಗೆ ಮತ ಹಾಕಿದಾಗ ಪರ 69, ವಿರೋಧ 67. ಪಂಚಾಯತ್ ಚುನಾವಣೆಯಲ್ಲೂ ಇಷ್ಟು ಬಿಗಿ ಇರುವುದಿಲ್ಲ.

ಹಾರ್ಮೋನು ಗುಳಿಗೆ ಇನ್ನೊಂದು. ದನದ ಕಿವಿಯ ಹಿಂಬದಿ ಚರ್ಮದಡಿ ಅಕ್ಕಿಕಾಳಿನಂಥ ಗುಳಿಗೆ ಇಡುತ್ತಾರೆ. ಆಕರಕೋಶವನ್ನು ಇವು ಮಾಂಸದ ಕಡೆ ಎಳೆಯುತ್ತವೆ, ಮಾಂಸದೊಳಗಿನ ಕೊಬ್ಬು ಸ್ವಲ್ಪ ಕಡಿಮೆಯಾಗುತ್ತದೆ. ಅಮೆರಿಕ 1954ರಲ್ಲಿ ಒಪ್ಪಿದ ಡಿಇಎಸ್ ಎಂಬ ಹಾರ್ಮೋನು ಕ್ಯಾನ್ಸರ್ ಭಯದಿಂದ 1979ರಲ್ಲಿ ನಿಂತುಹೋಯಿತು. ಬೇರೆ ಹಾರ್ಮೋನುಗಳು ಅಲ್ಲಿ ಈಗಲೂ ಇವೆ, ಯುರೋಪಿನಲ್ಲಿ ನಿಷೇಧ.

ಹಾಗಾದರೆ ಗೌರಿಗೆ?

ನಮ್ಮಲ್ಲಿ ಒಂದು ದೊಡ್ಡ ಗೊಂದಲ ಇದೆ. ಸೊಸೈಟಿಯಲ್ಲಿ ಅಳೆಯುವ 'ಫ್ಯಾಟ್' ಮತ್ತು ದನದ ಮೈಯ ಕೊಬ್ಬು ಒಂದೇ ಅಂದುಕೊಳ್ಳುವುದು. ಹಾಲಿನ ಫ್ಯಾಟ್ ತಯಾರಾಗುವುದು ಕೆಚ್ಚಲಿನ ಕೋಶಗಳಲ್ಲಿ. ನಾರಿನ ಮೇವು ಹೊಟ್ಟೆಯಲ್ಲಿ ಹುದುಗಿದಾಗ ಬರುವ ಅಸಿಟೇಟ್, ಅಂದರೆ ವಿನೆಗರಿನ ಆಮ್ಲ, ಅದಕ್ಕೆ ಮುಖ್ಯ ಕಚ್ಚಾ ಸಾಮಾನು. ಹಿಂಡಿ, ಕಾಳು ವಿಪರೀತ ಹಾಕಿ ಹುಲ್ಲು ಕಡಿಮೆ ಮಾಡಿದರೆ ದನ ದಪ್ಪವಾಗಿಯೂ ಹಾಲಿನ ಫ್ಯಾಟ್ ಇಳಿಯಬಹುದು.

ಇನ್ನು ಕರು ಹಾಕಿದ ಮೊದಲ ಎರಡು ತಿಂಗಳು ಹಾಲು ಏರುವಷ್ಟು ವೇಗವಾಗಿ ಹಸಿವು ಏರುವುದಿಲ್ಲ. ಕೊರತೆ ತುಂಬಲು ದನ ತನ್ನ ಭರಣಿಗಳನ್ನು ತೆರೆಯುತ್ತದೆ. ಗೌರಿ ಸೊರಗಿರುವುದು ಇದಕ್ಕೆ. ಭರಣಿ ಕಡಿಮೆಯಾಗಿಲ್ಲ, ಖಾಲಿಯಾಗಿದೆ. ಒಮ್ಮೆಲೇ ಬಹಳ ಕೊಬ್ಬು ಕರಗಿ ಯಕೃತ್ತಿಗೆ ಹರಿದರೆ ಅದಕ್ಕೆ ಸುಧಾರಿಸಲಾಗದೆ ಕೀಟೋಸಿಸ್ ಬರುತ್ತದೆ. ಉಸಿರಿನಲ್ಲಿ ಹಣ್ಣಿನಂಥ ಸಿಹಿ ವಾಸನೆ, ಮೇವು ಬೇಡ, ಹಾಲು ಇಳಿತ. ವಿಚಿತ್ರ ಎಂದರೆ ಕರು ಹಾಕುವಾಗ ತೀರಾ ದಪ್ಪ ಇದ್ದ ದನಕ್ಕೇ ಇದರ ಅಪಾಯ ಜಾಸ್ತಿ. ನಮ್ಮ ಕಾಸರಗೋಡು ಗಿಡ್ಡ ದನಗಳಿಗೆ ಈ ತಾಪತ್ರಯ ಕಡಿಮೆ. ಒಂದು ಮೀಟರೂ ಎತ್ತರ ಇಲ್ಲದ ಅವು ಕೊಡುವ ಹಾಲು ಸ್ವಲ್ಪ, ಭರಣಿ ಅಷ್ಟಾಗಿ ಬರಿದಾಗುವುದಿಲ್ಲ.

ಈ ಹೊತ್ತಿನಲ್ಲಿ ವಿಟಮಿನ್ ಎ ಚುಚ್ಚಿದರೆ ಗೌರಿ ಗುಂಡಗಾಗುವುದಿಲ್ಲ. ಮೈಯಲ್ಲಿ ಕೊರತೆ ಇದ್ದರೆ ಕಣ್ಣಿಗೆ, ಚರ್ಮಕ್ಕೆ, ಮುಂದಿನ ಗಬ್ಬಕ್ಕೆ ಒಳ್ಳೆಯದಾದೀತು. ಖಾಲಿ ಭರಣಿ ತುಂಬಲು ತಿಂಡಿಯೇ ಬೇಕು. ಮತ್ತೆ, ವಿಟಮಿನ್ ಎ ಯಕೃತ್ತಿನಲ್ಲಿ ಕೂಡಿಡುವ ವಸ್ತು. ಅಳತೆ ಮೀರಿ ಪದೇ ಪದೇ ಕೊಟ್ಟರೆ ವಿಷವೂ ಹೌದು.

ಮರುದಿನ ದನದ ಡಾಕ್ಟ್ರು ಬಂದರು. ಮೊದಲು ಬಾಲದ ಬುಡ ಒತ್ತಿ ನೋಡಿದರು, ಆಮೇಲೆ ಪಕ್ಕೆಲುಬಿನ ಮೇಲೆ ಕೈಯಾಡಿಸಿದರು. ಹುಳದ ಔಷಧ ಹಾಕಿ ಎಷ್ಟು ಸಮಯವಾಯಿತು ಅಂತ ಕೇಳಿದರು. ಅಕ್ಕಚ್ಚಿನ ಬಾಲ್ದಿಗೆ ಇಣುಕಿ, ಹಿಂಡಿ ಸ್ವಲ್ಪ ಹೆಚ್ಚಿಸಿ, ದಿನಕ್ಕೆ ಎರಡು ಕಟ್ಟು ಹಸಿ ಹುಲ್ಲು ತಪ್ಪಿಸಬೇಡಿ ಎಂದರು. ಇಂಜೆಕ್ಷನ್ ಬರೆಯಲಿಲ್ಲ. ಮಾವನಿಗೆ ಸ್ವಲ್ಪ ನಿರಾಸೆಯಾದದ್ದು ಮುಖದಲ್ಲೇ ಕಾಣುತ್ತಿತ್ತು.

ಡಾಕ್ಟ್ರ ಬೈಕು ಗೇಟು ದಾಟಿದ ಮೇಲೆ ನಾನು ಜಪಾನಿನ ಬೈಹುಲ್ಲಿನ ಕಥೆ ಹೇಳಿದೆ. ಪೂರ್ತಿ ಕೇಳಿ, ಕವಳ ಉಗಿದು ಬಂದು, ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಒಂದು ಲೋಡ್ ಬೈಹುಲ್ಲಿಗೆ ಎಷ್ಟು ಬೀಳ್ತದಂತೆ?"